ಎರ್ಮೆಸ್ ಕವಾನಿಯ ಎರಡು ಎಂಜಿನ್

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನಮ್ಮೂರ ಹಂದಿಮಾಂಸದ ವ್ಯಾಪಾರಿ ಇವಾನೊ ನನ್ನ ಅಡುಗೆಮನೆಗೆ ನುಗ್ಗಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಏನನ್ನೋ ಮೇಜಿನ ಮೇಲೆ ಧಡ್ಡನೆ ಇಟ್ಟ. ನಾನು ಭಾನುವಾರದ ಊಟಕ್ಕೆ ತೊರ್ತೆಲ್ಲೀನಿಗೆ ಹೂರಣ ತುಂಬಿ ಮಡಚುತ್ತಿದ್ದೆ. ಹಿಟ್ಟೆಲ್ಲ ಹಾರಿ ಕನ್ನಡಕದ ಮೇಲೆ ಕೂತಿತು. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಕನ್ನಡಕ ಒರೆಸಿಕೊಂಡೆ. ಐವತ್ತರ ಹತ್ತಿರದ ಗಂಡಸು, ಅಳುವ ಮಗುವಿನ ಹಾಗೆ ತುಟಿ ಕಚ್ಚಿಕೊಂಡು ನಿಂತಿದ್ದ.

"ಬಿಚ್ಚಿ ನೋಡಿ, ನೋರ್ಮಾ ಅತ್ತೆ."

ಬಿಚ್ಚಿದೆ. ಒಂದು ಪಿಸ್ಟನ್. ಲುಗ್ಲಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾರಿನ ಸೀಟು ಹೊಲಿದವಳಿಗೆ ಪಿಸ್ಟನ್ ಏನು ಹೊಸದೇ? "ಎರಡು ಲೀಟರ್ ಎಂಜಿನ್ನಿಂದು. ಯಾರ ಕಾರಿಂದೋ?" ಅಂದೆ.

"ನಂದು."

"ನಿನ್ನ ತಲೆ! ನಿಂದು ಮೂರು ಲೀಟರ್. ಅದರ ಸೀಟು ಹೊಲಿದವಳು ನಾನು ಕಣೋ."

"ಹೊಗೆ ಜಾಸ್ತಿ ಬರ್ತಿತ್ತು. ಎರ್ಮೆಸ್ ಮಾಮನ ಕೈ ನಡುಗುತ್ತೆ, ಇನ್ನು ಅವರಿಗೆ ಕೊಡೋದು ಬೇಡ ಅಂತ ಬೊಲೋನ್ಯಾ ಪೇಟೆಯ ಮೆಕ್ಯಾನಿಕ್ ಹತ್ರ ಬಿಟ್ಟಿದ್ದೆ. ನಿನ್ನೆ ಎಂಜಿನ್ ಬಿಚ್ಚಿದ್ದಾನೆ. ಆರಕ್ಕೆ ಆರೂ ಇದೇ."

ನಾನು ಎದ್ದು ಹೋಗಿ ಗುಂಡುಪಿನ್ನಿನ ಡಬ್ಬಿ ತಂದೆ. ಅದು ಡಬ್ಬಿಯಲ್ಲ, ತಲೆಕೆಳಗಾಗಿ ನಿಲ್ಲಿಸಿದ ಮೂರು ಲೀಟರಿನ ಪಿಸ್ಟನ್. ನಾನು ನಿವೃತ್ತಳಾದ ದಿನ ಹುಡುಗರು ಕೊಟ್ಟಿದ್ದು. ಪಿನ್ನುಗಳನ್ನೆಲ್ಲ ತಟ್ಟೆಗೆ ಸುರಿದು ಎರಡನ್ನೂ ಅಕ್ಕಪಕ್ಕ ಇಟ್ಟೆ. ಇವಾನೊ ತಂದದ್ದು ಒಂದು ಬೆರಳಿನಗಲ ಸಣ್ಣದು. ಮತ್ತೆ ಮತ್ತೆ ಇಟ್ಟು ನೋಡಿದೆ, ಹಿಟ್ಟಿನ ಕೈಯಲ್ಲೇ. ಇಪ್ಪತ್ತಾರು ವರ್ಷದಿಂದ ಊರಿಗೆ ಊರೇ ಕಿವಿ ಮೇಲೆ ಹೂವಿಟ್ಟುಕೊಂಡು ತಿರುಗಿತ್ತು. ಎಲ್ಲರಿಗಿಂತ ದೊಡ್ಡ ಹೂವು ನನ್ನ ಕಿವಿಯ ಮೇಲಿತ್ತು.

ಏಕೆಂದರೆ ಗುಡ್ಡದ ಮೇಲಿನ ನಮ್ಮೂರಿನಲ್ಲಿ ಒಂದು ಚಾಳಿ ಇದೆ. ಭಾನುವಾರ ಬೆಳಿಗ್ಗೆ ಬಾರಿನ ಮುಂದೆ ರಸ್ತೆಗೆ ಬೆನ್ನು ಹಾಕಿ ನಿಲ್ಲುತ್ತೇವೆ. ಕೆಳಗಿನ ತಿರುವಿನಿಂದ ಕಾರು ಹತ್ತಿ ಬರುವಾಗ ಶಬ್ದ ಕೇಳಿಯೇ ಅದು ಯಾರ ಕಾರು, ಎಷ್ಟು ಲೀಟರ್ ಅಂತ ಹೇಳಬೇಕು. ತಪ್ಪಿದವರು ಎಲ್ಲರಿಗೂ ವೈನ್ ಕುಡಿಸಬೇಕು. ಲುಗ್ಲಿಯ ಕಾರು ಒಂದೇ ಮಾದರಿ, ಎಂಜಿನ್ ಮಾತ್ರ ಎರಡು. ಹೊರಗಿನಿಂದ ಅವಳಿ ಮಕ್ಕಳು, ಒಳಗಿನ ಸಿಲಿಂಡರಿನ ಅಗಲವಷ್ಟೇ ಬೇರೆ. ಎರಡು ಲೀಟರ್ ದಾಟಿದರೆ ಸರ್ಕಾರ ತೆರಿಗೆಯನ್ನು ದುಪ್ಪಟ್ಟು ಮಾಡುತ್ತಿದ್ದ ಕಾಲ ಅದು. ಹಾಗಾಗಿ ಬುದ್ಧಿಯಿದ್ದವರು ಸಣ್ಣದನ್ನು ಕೊಳ್ಳುತ್ತಿದ್ದರು, ಮೀಸೆಯಿದ್ದವರು ದೊಡ್ಡದನ್ನು. ಈ ಆಟದಲ್ಲಿ ನನ್ನನ್ನು ಸೋಲಿಸಿದ ಗಂಡಸು ಇರಲಿಲ್ಲ. ಇವಾನೊನ ಕಾರು ಬಂದಾಗಲೆಲ್ಲ ಕಾಫಿ ಬಟ್ಟಲಿನಿಂದ ಮುಖ ಕೂಡ ಎತ್ತದೆ "ಮೂರು, ಇವಾನೊ" ಎನ್ನುತ್ತಿದ್ದೆ. ಸಾವಿರ ಸಲವಾದರೂ ಅಂದಿರಬೇಕು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ ಎಂಜಿನ್ ಜೋಡಿಸಿದವನು ಎರ್ಮೆಸ್ ಕವಾನಿ. ಲುಗ್ಲಿಯಲ್ಲಿ ಒಂದು ಎಂಜಿನ್ನಿಗೆ ಒಬ್ಬನೇ ಆಳು. ಮೊದಲ ಬೋಲ್ಟಿನಿಂದ ಕೊನೆಯ ಬೋಲ್ಟಿನವರೆಗೆ ಅವನೇ ಕೂರಿಸಿ, ಕೊನೆಗೆ ತನ್ನ ಹೆಸರಿನ ಮೊದಲಕ್ಷರ ಒತ್ತುತ್ತಿದ್ದ. ಎರ್ಮೆಸನ ಅಕ್ಷರವಿದ್ದರೆ ಕೊಳ್ಳುವವರು ಇನ್ನೊಂದು ಮಾತಾಡುತ್ತಿರಲಿಲ್ಲ. ಹದಿನಾಲ್ಕಕ್ಕೆ ಕಾರ್ಖಾನೆ ಸೇರಿದವನು ನಾನೂರಕ್ಕೂ ಹೆಚ್ಚು ಎಂಜಿನ್ ಕಟ್ಟಿದ. ಆದರೆ ತಾನು ಓಡಾಡಿದ್ದು ಸೈಕಲ್ಲಿನಲ್ಲಿ. ಮದುವೆಯಾಗಲಿಲ್ಲ. ಚರ್ಚಿನ ಹೊಸ್ತಿಲು ತುಳಿಯಲಿಲ್ಲ, ದೇವರು ಎಂದರೆ ಮೂಗು ಮುರಿಯುತ್ತಿದ್ದ. ನವೆಂಬರ್ ಎರಡಕ್ಕೆ, ಸತ್ತವರ ದಿನ, ಊರೆಲ್ಲ ಸೇವಂತಿಗೆ ಹಿಡಿದು ಸ್ಮಶಾನಕ್ಕೆ ನಡೆದರೆ ಅವನು ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದ. "ಹೆತ್ತಮ್ಮನಿಗೂ ಒಂದು ಹೂವಿಡದ ಕಲ್ಲು" ಎಂದು ನಾನೇ ಎಷ್ಟು ಸಲ ಬೈದಿದ್ದೇನೆ. ಅವನು ಸೈಕಲ್ ಹತ್ತಿ ಹೋಗಿಬಿಡುತ್ತಿದ್ದ.

ಇಂಥವನು ಮೋಸ ಮಾಡಿದ ಎಂದರೆ ನಂಬುವುದು ಹೇಗೆ?

ಇವಾನೊ ಆ ಕಾರು ಕೊಂಡದ್ದು ಎಂಬತ್ತಾರನೇ ಇಸವಿಯಲ್ಲಿ. ಇಪ್ಪತ್ತಮೂರರ ಹುಡುಗ, ಅಪ್ಪ ಸತ್ತು ಹಂದಿಮಾಂಸದ ವ್ಯಾಪಾರ ಕೈಗೆ ಬಂದಿತ್ತು. ಅವನ ಅಮ್ಮ ಒನೆಲಿಯಾ ಕಾರ್ಖಾನೆಗೇ ಬಂದು, ನಮ್ಮೆಲ್ಲರ ಎದುರು, "ಸಣ್ಣದನ್ನೇ ತಗೊಳ್ಳೋ ಮಗನೇ, ನಿನ್ನ ಕಾಲಿಗೆ ಬೀಳ್ತೀನಿ" ಎಂದಿದ್ದಳು. ಅವಳು ಹೆದರಿದ್ದು ಸುಮ್ಮನೆ ಅಲ್ಲ. ಅದಕ್ಕೆ ಏಳು ವರ್ಷ ಮುಂಚೆ ಗಿರಣಿಯವರ ಮಗ ನೇರಿಯೊ ಮೂರು ಲೀಟರಿನ ಕಾರು ಕೊಂಡು ನಲವತ್ತನೇ ದಿನ ಗುಡ್ಡದ ಎರಡನೇ ತಿರುವಿನಲ್ಲಿ ಕೆಳಗೆ ಬಿದ್ದು ಸತ್ತಿದ್ದ. ಹತ್ತೊಂಬತ್ತು ವರ್ಷ ಅವನಿಗೆ. ಆದರೂ ಇವಾನೊ ಅಮ್ಮನ ಮಾತಿಗೆ ನಕ್ಕು ಮೂರಕ್ಕೇ ಸಹಿ ಹಾಕಿದ. ಒನೆಲಿಯಾ ಕರವಸ್ತ್ರ ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಅವಳು ಆಮೇಲೆ ಎಲ್ಲಿಗೆ ಹೋದಳೆಂದು ನಾವ್ಯಾರೂ ಕೇಳಲಿಲ್ಲ.

ಈಗ ಅದೇ ಕಾರನ್ನು ಇವಾನೊ ಮಗಳು ಜೆಮ್ಮಾಳಿಗೆ ಕೊಡುವವನಿದ್ದ. ಜೂನಿನಲ್ಲಿ ಅವಳಿಗೆ ಇಪ್ಪತ್ತೆರಡು ತುಂಬುತ್ತದೆ, ಮೊದಲ ಸಲ ತಾನೇ ಓಡಿಸಿಕೊಂಡು ಗುಡ್ಡ ಹತ್ತುತ್ತಾಳೆ ಎಂದು ಊರಿಗೆಲ್ಲ ಹೇಳಿಯಾಗಿತ್ತು.

"ನಡೀರಿ ನೋರ್ಮತ್ತೆ, ನನ್ನ ಜೊತೆ ಬನ್ನಿ. ಒಬ್ಬನೇ ಹೋದ್ರೆ ಆ ಮುದುಕನ ಮೇಲೆ ಕೈ ಮಾಡಿಬಿಡ್ತೀನಿ."

ಏಪ್ರನ್ ಕೂಡ ಬಿಚ್ಚದೆ ಹೋದೆ.

ಎರ್ಮೆಸ್ ಶೆಡ್ಡಿನ ಮುಂದೆ ಬಿಸಿಲಿಗೆ ಕೂತು ಬ್ರೆಡ್ಡಿನ ಜೊತೆ ಮೊರ್ತದೆಲ್ಲಾ ಹಂದಿಮಾಂಸದ ಹೋಳು ತಿನ್ನುತ್ತಿದ್ದ. ಎಂಬತ್ತೊಂದರ ದೇಹ, ಒಣಗಿದ ಕೊಂಬೆ. ಇವಾನೊ ಪಿಸ್ಟನ್ನನ್ನು ಅವನ ತೊಡೆಯ ಮೇಲೆ ಹಾಕಿದ. ಎರ್ಮೆಸ್ ಅದನ್ನು ತಿರುಗಿಸಿ ನೋಡಿ, "ಪಕ್ಕದಲ್ಲಿ ಗೀರು ಬಿದ್ದಿದೆ. ಅದಕ್ಕೇ ಹೊಗೆ," ಎಂದ. ಅಷ್ಟೇ!

"ಮಾಮ, ನನ್ನ ಎಂಜಿನ್ ಎಲ್ಲಿ?"

"ಇದೂ ನಿಂದೇ."

"ಆಟ ಆಡ್ಬೇಡ! ನಾನು ಸಹಿ ಹಾಕಿದ್ದು ಮೂರಕ್ಕೆ. ಹಿಂದ್ಗಡೆ ಮೂರು ಅಂತ ಅಂಟ್ಸಿದ್ದು ನೀನೇ. ಇಪ್ಪತ್ತಾರು ವರ್ಷ ನಾನೇ ತಂದು ನಿನ್ನ ಕೈಗೆ ಕೊಟ್ಟಿದ್ದೀನಿ, ಬೇರೆಯವ್ರು ಮುಟ್ಟಬಾರದು ಅಂತ. ಕಳ್ಳ ನೀನು!" ಹುಟ್ಟಿದಾಗಿನಿಂದ ಅವನನ್ನು 'ನೀವು' ಎಂದೇ ಕರೆದ ಹುಡುಗ.

ಎರ್ಮೆಸ್ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಎದ್ದ. ಶೆಡ್ಡಿನ ಬಾಗಿಲು ತೆಗೆದ. ಮೂಲೆಯಲ್ಲಿ ಮರದ ಚೌಕಟ್ಟಿನ ಮೇಲೆ ಏನೋ ಇತ್ತು, ಮೇಲೆ ಬೂದು ಬಣ್ಣದ ಕಂಬಳಿ. ಅವನು ಕಂಬಳಿ ಎಳೆದ.

ನಾನು ನಿಜವಾಗಿ ಶಿಲುಬೆಯ ಗುರುತು ಮಾಡಿಕೊಂಡೆ. ಲುಗ್ಲಿಯ ಮೂರು ಲೀಟರ್. ಕಾರ್ಖಾನೆ ಮುಚ್ಚಿ ಹದಿನೈದು ವರ್ಷವಾಗಿದೆ, ಇದು ಮಾತ್ರ ನಿನ್ನೆ ಜೋಡಿಸಿದ ಹಾಗೆ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲಿ ಎರ್ಮೆಸನ ಅಕ್ಷರ, ಅದರ ಕೆಳಗೆ ಇವಾನೊನ ಕಾರಿನ ಕಾಗದದಲ್ಲಿರುವ ಅದೇ ನಂಬರು.

"ಇದರಿಂದ ಒಂದು ಬೋಲ್ಟ್ ಕೂಡ ನಾನು ಕದ್ದಿಲ್ಲ," ಎಂದ ಎರ್ಮೆಸ್. "ನಿಮ್ಮಮ್ಮ ಅವತ್ತು ಸಂಜೆ ಇಲ್ಲಿಗೆ ಬಂದ್ಲು. ಸಣ್ಣ ಎಂಜಿನ್ನಿಗೆ ದುಡ್ಡು ಅವಳೇ ಕೊಟ್ಲು, ತನ್ನ ಬಳೆ ಮಾರಿ. ಈ ದೊಡ್ಡದನ್ನ ನಿನ್ನ ಹತ್ರ ಇಟ್ಕೋ, ಅವನಿಗೆ ಬುದ್ಧಿ ಬಂದ್ಮೇಲೆ ಹಾಕ್ಕೊಡು ಅಂದ್ಲು. ನಾನು ಸಾಯೋವರೆಗೂ ಬಾಯಿ ಬಿಡಬೇಡ, ಆಣೆ ಇಡು ಅಂದ್ಲು. ನನಗೆಲ್ಲಿ ದೇವರು? ಸ್ಪ್ಯಾನರ್ ಮೇಲೆ ಕೈಯಿಟ್ಟು ಆಣೆ ಇಟ್ಟೆ."

"ಅಮ್ಮ ಸತ್ತು ಒಂಬತ್ತು ವರ್ಷ ಆಯ್ತಲ್ಲ! ಆಮೇಲಾದ್ರೂ ಹೇಳ್ಬಹುದಿತ್ತು."

"ಬುದ್ಧಿ ಬಂತಾ ಅಂತ ನೋಡ್ತಾ ಇದ್ದೆ."

ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನನಗೂ ಕೋಪ ನೆತ್ತಿಗೇರಿತ್ತು. "ನೀನು ಯಾವನೋ ಬೇರೆಯವರ ಹಣೆಬರಹ ತಿದ್ದೋಕೆ? ಕೇಳಿದ್ದನ್ನ ಕೊಡೋದು ನಿನ್ನ ಕೆಲಸ. ಊರನ್ನೆಲ್ಲ ಮಂಗ ಮಾಡಿದೆಯಲ್ಲ, ನನ್ನನ್ನೂ ಸೇರಿಸಿ!" ಎಂದು ಕೂಗಿದೆ.

ಎರ್ಮೆಸ್ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ನೇರಿಯೊ ಮೊದಲು ಯಾವುದಕ್ಕೆ ಸಹಿ ಹಾಕಿದ್ದ, ನೆನಪಿದೆಯಾ ನೋರ್ಮಾ?"

"ಮೂರಕ್ಕೆ."

"ಎರಡಕ್ಕೆ. ಸೀಟಿನ ಬಣ್ಣ ಆರಿಸೋಕೆ ನಿನ್ನ ಹತ್ರ ಬಂದ. ನೀನಂದೆ, 'ಎರಡು ಲೀಟರಾ? ಔಷಧಿ ಅಂಗಡಿಯವರ ಹೆಂಡ್ತೀರು ತಗೊಳ್ಳೋದು ಕಣೋ ಅದು. ಹೆಣಿಗೆ ಕಡ್ಡಿ ಇಟ್ಕೊಳ್ಳೋಕೆ ಪಕ್ಕದಲ್ಲಿ ಒಂದು ಚೀಲ ಹೊಲಿದು ಕೊಡ್ಲಾ?' ಅಂತ. ಎಲ್ಲರೂ ನಕ್ವಿ. ನಾನೂ ನಕ್ಕೆ, ಹೊಟ್ಟೆ ಹಿಡ್ಕೊಂಡು. ಅವನ ಕಿವಿ ಕೆಂಪಾಯ್ತು. ಮಾರನೇ ದಿನ ಬಂದು ಕಾಗದ ಬದಲಾಯಿಸಿದ. ಆ ಎಂಜಿನ್ ಕಟ್ಟಿದ್ದು ನಾನು."

ಕಾಲ ಕೆಳಗಿನ ನೆಲ ಕುಸಿದಂತಾಯಿತು ಎಂದು ಜನ ಹೇಳುವುದನ್ನು ಕೇಳಿದ್ದೆ. ನನಗೆ ಹಾಗೇನೂ ಆಗಲಿಲ್ಲ. ನೆಲ ಗಟ್ಟಿಯಾಗಿಯೇ ಇತ್ತು, ನಾನು ಅದರ ಮೇಲೆ ನಿಂತಿದ್ದೆ, ಆ ಮಾತು ನನ್ನದೇ. ಒಂದಕ್ಷರವೂ ಬೇರೆಯವರದಲ್ಲ. ಮೂವತ್ತಮೂರು ವರ್ಷ ಅದು ನನಗೆ ಒಂದು ದಿನವೂ ನೆನಪಾಗಿರಲಿಲ್ಲ. ನೇರಿಯೊನ ಮಣ್ಣಿಗೆ ಹೋಗಿ ಎಲ್ಲರಿಗಿಂತ ಜೋರಾಗಿ ಅತ್ತಿದ್ದೆ, "ಯಾರ ಕೆಟ್ಟ ಕಣ್ಣು ಬಿತ್ತೋ" ಎಂದು ಅವನ ಅಮ್ಮನನ್ನು ತಬ್ಬಿಕೊಂಡಿದ್ದೆ. ಥೂ, ನನ್ನ ಬಾಯಿಗಿಷ್ಟು!

"ನಿನ್ನ ಬೈಯೋಕೆ ಹೇಳ್ತಿಲ್ಲ," ಎಂದ ಎರ್ಮೆಸ್. "ನವೆಂಬರ್ ಎರಡಕ್ಕೆ ಇದಕ್ಕೆ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸ್ತೀನಿ, ತುಕ್ಕು ಹಿಡಿಬಾರದು ಅಂತ. ಅವತ್ತು ನೇರಿಯೊ ಹತ್ರ ನಾನು ಮಾತಾಡೋದು ಹಾಗೆ. ಸ್ಮಶಾನದಲ್ಲಿ ನನಗೆ ಮಾತು ಹೊರಡಲ್ಲ."

ನಾನು ಉರುಳಿಬಿದ್ದ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ಅಳು ಬಂತು, ಅತ್ತೆ. ಇವಾನೊ ಎಂಜಿನ್ನಿನ ಸುತ್ತ ಒಂದು ಸುತ್ತು ಹಾಕಿದ. ಆ ನಂಬರಿನ ಮೇಲೆ ಬೆರಳಾಡಿಸಿದ. ತಿರುಗುವ ಗಾಲಿಯನ್ನು ಸ್ವಲ್ಪ ಎಳೆದ, ಅದು ಬೆಣ್ಣೆಯ ಹಾಗೆ ತಿರುಗಿತು.

"ಜೆಮ್ಮಾ ಹುಟ್ಟುಹಬ್ಬಕ್ಕೆ ಮೂರು ವಾರ ಇದೆ," ಎಂದ ಎರ್ಮೆಸ್. "ನಿನ್ನ ಬೊಲೋನ್ಯಾದವನಿಗೆ ಪಕ್ಕದಲ್ಲಿ ಕೂತು ಇದನ್ನ ಕೂರಿಸೋದು ಹೇಳ್ಕೊಡ್ತೀನಿ. ನಾಲ್ಕು ದಿನದ ಕೆಲಸ. ಇಲ್ಲಾಂದ್ರೆ ಸಣ್ಣದಕ್ಕೆ ಹೊಸ ಪಿಸ್ಟನ್ ಹುಡುಕೋಣ. ಈಗ ನೀನು ಹೇಳ್ಬೇಕು, ನಾನಲ್ಲ."

"ಎಂಬತ್ತೇಳರಲ್ಲಿ," ಎಂದ ಇವಾನೊ, ಯಾರನ್ನೂ ನೋಡದೆ. "ಎರಡನೇ ತಿರುವಿನಲ್ಲಿ ನಾನು ಗಿರಗಿರ ತಿರುಗಿದ್ದೆ. ಹಿಂದಿನ ಚಕ್ರ ಅಂಚಿಗೆ ಬಂದು ನಿಂತಿತ್ತು. ಒಂದು ಗೇಣು ಉಳಿದಿತ್ತು."

ನಮಗದು ಗೊತ್ತಿತ್ತು. ಬಾರಿನಲ್ಲಿ ಅವನೇ ನಗುತ್ತ ಕೈಯಗಲಿಸಿ ಆ ಗೇಣನ್ನು ಎಷ್ಟು ಸಲ ತೋರಿಸಿರಲಿಲ್ಲ! ಈಗಲೂ ಕೈಯಗಲಿಸಿದ. ಹೆಬ್ಬೆರಳಿನಿಂದ ಕಿರುಬೆರಳಿಗೆ. ಆ ಕೈಯನ್ನು ಎದುರಿಗಿದ್ದ ದೊಡ್ಡ ಎಂಜಿನ್ನಿನ ಮುಂದೆ ಹಿಡಿದುಕೊಂಡು ಹಾಗೆಯೇ ನಿಂತ. ಅವತ್ತು ಕಾರಿನಲ್ಲಿ ಇದಿದ್ದಿದ್ದರೆ ಆ ಗೇಣು ಉಳಿಯುತ್ತಿತ್ತೇ? ನಾವು ಮೂವರೂ ಅದೇ ಲೆಕ್ಕ ಹಾಕುತ್ತಿದ್ದೆವು.

ಆಗ ಅವನ ಫೋನ್ ಬಡಿಯಿತು. ಜೆಮ್ಮಾ. ಅವಳ ದನಿ ಹೊರಗೂ ಕೇಳುವಷ್ಟು ಜೋರು, ಅಪ್ಪನದೇ ಗಂಟಲು.

"ಅಪ್ಪಾ, ಕಾರು ಏನಾಯ್ತು? ಮೆಕ್ಯಾನಿಕ್ ಏನಂದ? ಎಂಜಿನ್ ಚೆನ್ನಾಗಿದೆ ತಾನೆ? ನನ್ನ ಫ್ರೆಂಡ್ಸಿಗೆಲ್ಲ ಮೂರು ಲೀಟರ್ ಅಂತ ಹೇಳಿಬಿಟ್ಟಿದ್ದೀನಿ, ಮರ್ಯಾದೆ ಕಳೀಬೇಡ!"

ಇವಾನೊ ಎಂಜಿನ್ನಿನತ್ತ ನೋಡಿದ. "ಅಪ್ಪಾ? ಕೇಳಿಸ್ತಿದೆಯಾ?"

"ಕೇಳಿಸ್ತು ಕಂದಾ," ಎಂದ. "ಪಿಸ್ಟನ್ ಒಂದಕ್ಕೆ ಗೀರು ಬಿದ್ದಿದೆ, ಹೊಸದು ಹಾಕಿಸ್ತೀನಿ. ಮೂರೇ. ಮೂರು ಲೀಟರ್." ಹಾಗೆ ಹೇಳುತ್ತಲೇ ಬಗ್ಗಿ, ಬಿಡುವಿದ್ದ ಕೈಯಲ್ಲಿ ಕಂಬಳಿ ಎತ್ತಿ ಎಂಜಿನ್ನಿನ ಮೇಲೆ ಎಳೆದ. ಒಂದು ಮೂಲೆ ಜಾರಿತು. ಎರ್ಮೆಸ್ ನಡುಗುವ ಕೈಯಿಂದ ಅದನ್ನು ಸರಿಮಾಡಿದ.

ಜೂನಿನ ಆ ಭಾನುವಾರ ಬಾರಿನ ಮುಂದೆ ಎಂದೂ ಇಲ್ಲದಷ್ಟು ಜನ. ಎರ್ಮೆಸ್ ಕೂಡ ಬಂದಿದ್ದ, ಸೈಕಲ್ಲನ್ನು ಊರುಗೋಲಿನ ಹಾಗೆ ಹಿಡಿದುಕೊಂಡು. ಇವಾನೊ ಬೆವರುತ್ತಿದ್ದ. ನಾವೆಲ್ಲ ರಸ್ತೆಗೆ ಬೆನ್ನು ಹಾಕಿ ನಿಂತೆವು. ಕೆಳಗೆ, ಎರಡನೇ ತಿರುವಿನಲ್ಲಿ, ಹುಡುಗಿ ಗೇರು ಬದಲಿಸಿದ್ದು ಕೇಳಿಸಿತು. ತಿರುವನ್ನು ಅವಳು ಜೋರಾಗಿಯೇ ಹಿಡಿದಳು, ಚಕ್ರ ಕಿರುಚಿತು, ಇವಾನೊ ನನ್ನ ತೋಳು ಹಿಡಿದುಕೊಂಡ. ಆಮೇಲೆ ಕಾರು ತಿರುವಿನಿಂದ ಹೊರಬಂದು ಮೇಲಕ್ಕೆ ಹತ್ತಿತು. ಈ ಸಲ ನಾನು ನಿಜವಾಗಿ ಕೇಳಿದೆ. ದನಿಯಲ್ಲಿ ಆ ತೂಕವಿಲ್ಲ, ಉಸಿರು ಮೇಲುಮೇಲಕ್ಕೆ. ಸಣ್ಣದು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಕೇಳುವ ಮೊದಲೇ ಉತ್ತರ ಗೊತ್ತಿದೆ ಎಂದುಕೊಂಡವಳಿಗೆ ಇಪ್ಪತ್ತಾರು ವರ್ಷ ಕೇಳಿಸಿರಲಿಲ್ಲ, ಅಷ್ಟೇ.

"ಹೇಳು ನೋರ್ಮಾ!" ಎಂದರು ಎಲ್ಲರೂ. "ಎಷ್ಟು?"

"ಇದನ್ನೂ ಕೇಳ್ಬೇಕೇನ್ರೋ?" ಎಂದೆ. "ಮೂರು."