ಮಾಬ್ಲ ಕೊಂಡ ಉಪ್ಪಿನ ಚೌಕಿ

ಅವರ್ಸೆಯ ಮಾಬ್ಲ ಸರಕಾರದ ಉಪ್ಪಿನ ಚೌಕಿಯಲ್ಲಿ ಪಟ್ಟೇವಾಲನಾಗಿಯೇ ತಲೆ ನರೆಸಿಕೊಂಡವನು. ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಗೊಂದು ಹಿತ್ತಾಳೆಯ ಬಿಲ್ಲೆ. ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕದೆ ಅವನು ಗಂಜಿಗೆ ಕೂತದ್ದಿಲ್ಲ. ಮೀನು ಮಾರುವ ಹೆಂಗಸರ ಬುಟ್ಟಿಗೆ ಕೋಲು ಹಾಕಿ, ಸುಂಕ ಕಟ್ಟದ ಕಳ್ಳ ಉಪ್ಪಿದೆಯೇ ಎಂದು ಕೆದಕುವುದು ಅವನ ಕೆಲಸ. ಕೆದಕುತ್ತ, "ಒಂದು ಚಿಟಿಕೆ ಆದ್ರೂ ಉಪ್ಪು ಉಪ್ಪೇ. ಕಾಯ್ದೆಗೆ ಕಣ್ಣಿಲ್ಲ, ನಾಲಗೆ ಮಾತ್ರ ಅದೆ" ಎನ್ನುತ್ತಿದ್ದ. ಮಾತು ಯಾವ ಸಾಹೇಬನದೋ, ಗತ್ತು ಮಾತ್ರ ಅವನದೇ.

ಮುಂದೆ ಚೌಕಿ ಮುಚ್ಚಿತು. ಮಾಬ್ಲನಿಗೆ ಮನೆಗೆ ಹೋಗು ಎಂದರು. ಕಟ್ಟಡ ಕಾರವಾರದ ಕಚೇರಿಯಲ್ಲಿ ಲಿಲಾವಿಗೆ ಬಂದಾಗ ಬೇರೆ ಯಾರೂ ಬೆಲೆ ಕೂಗಲಿಲ್ಲ, ಮಾಬ್ಲ ಕೂಗಿದ. ಸೋಗೆಯ ಗುಡಿಸಲಲ್ಲಿ ಹುಟ್ಟಿದವನಿಗೆ ಹಂಚಿನ ಮಾಡು, ಮೊಳ ದಪ್ಪದ ಕಲ್ಲುಗೋಡೆ! ಉಪ್ಪು ತುಂಬುತ್ತಿದ್ದ ಕೋಣೆ ಅಡುಗೆಮನೆಯಾಯಿತು. ಸಾಹೇಬರು ಕೂರುತ್ತಿದ್ದ ಜಗಲಿಯಲ್ಲಿ ಮಾಬ್ಲನೇ ಕಾಲು ಚಾಚಿ ಕೂತ. ಹೆಂಡತಿ ಗಂಗಿ ಅಂಗಳದಲ್ಲಿ ತುಳಸಿ ನೆಟ್ಟಳು, ಒಲೆಯ ಮೇಲೆ ಹಾಲು ಉಕ್ಕಿಸಿದಳು. ಆದರೂ ಊರು ಅದನ್ನು ಮನೆ ಎನ್ನಲಿಲ್ಲ. ಮೀನಿನ ಹೆಂಗಸರು ಅದರೆದುರು ಬಂದೊಡನೆ ಹಳೆಯ ರೂಢಿಗೆ ಬುಟ್ಟಿ ಇಳಿಸಿಬಿಡುತ್ತಿದ್ದರು.

ಮರುವರ್ಷ, ಮೂವತ್ತನೆಯ ಇಸವಿಯ ಬೇಸಿಗೆಯಲ್ಲಿ, ಗೋಡೆ ಹೂ ಬಿಟ್ಟಿತು. ವರ್ಷಗಟ್ಟಲೆ ಉಪ್ಪು ಹೀರಿ ಮಳೆಗಾಲವಿಡೀ ಬೆವರಿದ್ದ ಕಲ್ಲು ಬಿಸಿಲಿಗೆ ಒಣಗಿ ಬೆಳ್ಳಗೆ ಪುಡಿ ಉದುರಿಸತೊಡಗಿತು. ಮಾಬ್ಲ ಬೆರಳಿಗೆ ಹಚ್ಚಿಕೊಂಡು ನಾಲಗೆಗಿಟ್ಟ. ಉಪ್ಪು!

ಅಂಕೋಲೆಯಲ್ಲಿ ಜನ ಕಾಯ್ದೆ ಮುರಿಯಲೆಂದೇ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿ, ಪೋಲೀಸರು ಅವರನ್ನು ಹಿಡಿದುಕೊಂಡು ಹೋಗುತ್ತಿದ್ದ ದಿನಗಳವು. ಅವರಾದರೂ ಸೌದೆ ಒಟ್ಟಬೇಕು, ನೀರು ಹೊರಬೇಕು. ಮಾಬ್ಲನ ಮನೆ ಕೂತಲ್ಲೇ ಉಪ್ಪು ಮಾಡುತ್ತಿತ್ತು.

"ಗಂಗಿ, ಈ ಗೋಡೆ ನನ್ನ ಜೇಲಿಗೆ ಹಾಕ್ತದೆ. ಮನೆ ಜಪ್ತಿ ಆಗ್ತದೆ. ಮಕ್ಕಳನ್ನ ಕಟ್ಕಂಡು ನೀ ಎಲ್ಲಿಗೆ ಹೋಗ್ತೆ?"

"ಸರಕಾರದ್ದೇ ಗೋಡೆ, ಸರಕಾರದ್ದೇ ಉಪ್ಪು. ಬೇಕಾದ್ರೆ ಬಂದು ಕೆರ್ಕಂಡು ಹೋಗ್ಲಿ."

"ಈಗ ಗೋಡೆ ನಂದು. ಗೋಡೆ ನಂದಾದ್ರೆ ಉಪ್ಪೂ ನಂದೇ. ನಿಂಗೆ ಕಾಯ್ದೆ ಗೊತ್ತಾಗೂದಿಲ್ಲ."

"ನಿಮಗೆ ಗೊತ್ತಾಗಿ ಏನು ಬಂತು? ಬೆವರು ಬಂತು!"

ಮಾಬ್ಲ ಸುಣ್ಣ ಬಳಿದ. ಉಪ್ಪು ಸುಣ್ಣವನ್ನೇ ಹಪ್ಪಳದ ಹಾಗೆ ಎಬ್ಬಿಸಿ ಹೊರಗೆ ಬಂತು. ಕೊನೆಗೆ ದಿನಾ ಗೋಡೆ ಕೆರೆದು, ಬುಟ್ಟಿಗೆ ಹಾಕಿ, ಮೇಲೆ ಪಂಚೆ ಮುಚ್ಚಿ, ಸಂಜೆ ಸಮುದ್ರಕ್ಕೆ ಸುರಿದು ಬರತೊಡಗಿದ. ನಾಯಿ ಬೊಗಳಿದರೆ ಬುಟ್ಟಿ ನಡುಗುತ್ತಿತ್ತು. ಮನೆಯಲ್ಲಿ ಉಪ್ಪಿನ ಮಡಕೆಯೇ ಇರಕೂಡದೆಂದು ಮಾಬ್ಲನ ಅಪ್ಪಣೆಯಾಯಿತು. 'ಸರಕಾರದ ಉಪ್ಪು ತಿಂದವ ನಾನು' ಎಂದು ಊರಿಗೆಲ್ಲ ಹೇಳುತ್ತಿದ್ದವನು ಸಪ್ಪೆ ಗಂಜಿ ಉಣ್ಣುತ್ತಿದ್ದ.

ಒಂದು ಸಂಜೆ ನೆರೆಮನೆಯ ಬೀರಾ ಬಲೆ ಒಣಹಾಕುತ್ತಿದ್ದವನು ಹತ್ತಿರ ಬಂದು ಬುಟ್ಟಿಗೆ ಕೈ ಹಾಕಿಯೇಬಿಟ್ಟ.

"ಮಾಬ್ಲಣ್ಣ! ನೀನೂ ಸೇರ್ದ್ಯಾ ಆ ಉಪ್ಪು ಮಾಡವರ ಸಂಗ್ತಿಗೆ?"

"ಥೂ, ಸುಮ್ನಿರಾ! ಇದು ಗೋಡೆದು!"

"ಹೌದೌದು, ಗೋಡೆದು. ನಾ ಯಾರಿಗೂ ಹೇಳೂದಿಲ್ಲ ಮಾರಾಯ" ಎಂದ ಬೀರಾ, ಊರಿಗೆಲ್ಲ ಹೇಳಿದ.

ಮರುದಿನ ಮೀನಿನ ಹೆಂಗಸರು ಬುಟ್ಟಿ ಇಳಿಸಲಿಲ್ಲ, ನಿಂತು ಕೈ ಮುಗಿದರು. ಯಾರೋ ತುಳಸಿಕಟ್ಟೆಯ ಮೇಲೆ ದಾಸವಾಳದ ಮಾಲೆ ಇಟ್ಟು ಹೋಗಿದ್ದರು. ಜೀವಮಾನವಿಡೀ ಮರ್ಯಾದೆಗೆ ಹಾತೊರೆದವನಿಗೆ ಅದು ಈಗ ಸಿಕ್ಕಿತ್ತು. ಅವನು ಮಾಲೆಯನ್ನು ಸರಕ್ಕನೆ ಎತ್ತಿ ಪಂಚೆಯೊಳಗೆ ಬಚ್ಚಿಟ್ಟ.

ಮಾತು ಅಂಕೋಲೆಯ ಠಾಣೆಗೂ ಮುಟ್ಟಿತು. ಒಂದು ಮಧ್ಯಾಹ್ನ ದೇವಿದಾಸ ಹವಾಲ್ದಾರ ಬಂದೇ ಬಂದ.

"ಅರೇ ಮಾಬ್ಲಾ, ಚೌಕಿ ತಕಂಡು ಉಪ್ಪಿನ ಕಾರಖಾನೆ ಮಾಡ್ದ್ಯಂತೆ?"

ಹವಾಲ್ದಾರ ಒಳಹೊಕ್ಕು ಒಲೆಯ ಬೂದಿ ಕೆದಕಿದ, ಅಕ್ಕಿಯ ಮಡಕೆಗೆ ಕೈ ಹಾಕಿದ, ಹಾಸಿಗೆ ಕೊಡವಿದ. ಉಪ್ಪೆಂದರೆ ಮಡಕೆಯಲ್ಲಿ ಇರುವಂಥದ್ದು ಎಂದೇ ಅವನಿಗೆ ಕಲಿಸಿದ್ದರು. ಗೋಡೆಯ ಕಡೆ ನೋಡಲಿಲ್ಲ. ಸುಸ್ತಾಗಿ ಜಗಲಿಗೆ ಬಂದವನು, ಮಾಬ್ಲ "ಅಲ್ಲಿ ಬೇಡ್ರಾ" ಎನ್ನುವಷ್ಟರಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟ.

ಗಂಗಿ ಬೆಲ್ಲ, ನೀರು ಕೊಟ್ಟಳು. ಆಮೇಲೆ ಗಂಜಿಯ ಬಟ್ಟಲು ತಂದಿಟ್ಟು, ಪಕ್ಕದಲ್ಲಿ ಮಾವಿನ ಮಿಡಿಯ ಉಪ್ಪಿನಕಾಯಿ ಬಡಿಸಿದಳು. ಮಾಬ್ಲ ಹೆಂಡತಿಯ ಮುಖ ನೋಡಿದ. ಉಪ್ಪಿಲ್ಲದ ಮನೆಯಲ್ಲಿ ಮಿಡಿ ನೆನೆದದ್ದು ಯಾವುದರಲ್ಲಿ? ಗಂಗಿ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಹವಾಲ್ದಾರ ಎರಡನೆಯ ಸಲ ಕೇಳಿ ಹಾಕಿಸಿಕೊಂಡ.

ಉಂಡು ಎದ್ದು ಹೊರಟವನ ಬೆನ್ನು ನೋಡಿ ಮಾಬ್ಲನ ಜೀವ ಹಾರಿತು. ನೀಲಿ ಅಂಗಿಯ ಮೇಲೆ ಹೆಗಲಿನಿಂದ ಸೊಂಟದವರೆಗೆ ಬಿಳಿ ಉಪ್ಪು! ಹಾಗೇ ಬಿಟ್ಟರೆ ಪೇಟೆಯವರು ನೋಡುತ್ತಾರೆ, ಠಾಣೆಯ ಫೌಜದಾರ ನೋಡುತ್ತಾನೆ, ಎಲ್ಲಿ ಒರಗಿದ್ದೆ ಎಂದು ಕೇಳುತ್ತಾನೆ. ಮಾಬ್ಲ ಗದ್ದೆಯ ಬದುವಿನ ಮೇಲೆ ಎದ್ದುಬಿದ್ದು ಓಡಿದ.

"ಸಾಹೇಬ್ರೆ, ಬೆನ್ನಿಗೆ ಸುಣ್ಣ... ಸುಣ್ಣ ಹತ್ತದೆ..." ಎನ್ನುತ್ತ ಪಂಚೆಯಿಂದ ಒರೆಸತೊಡಗಿದ.

ಹವಾಲ್ದಾರ ಹೆಗಲ ಮೇಲಿನ ಪುಡಿಯನ್ನು ಬೆರಳಿಂದ ತೆಗೆದು ನಾಲಗೆಗಿಟ್ಟುಕೊಂಡ. ಮಾಬ್ಲನ ಮುಖ ನೋಡಿದ. ಚೌಕಿಯ ಕಡೆಗೊಮ್ಮೆ ನೋಡಿದ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಮಿಡಿಯ ಚೂರನ್ನು ನಾಲಗೆಯಿಂದಲೇ ಹುಡುಕಿ ನುಂಗಿದ.

"ಸುಣ್ಣವೇ" ಎಂದ. "ಸಮಾ ಒರಸು. ಕೆಳಗೂ ಅದೆ."

ಅದು ದಯೆಯೋ, ಕಳ್ಳ ಉಪ್ಪಿನ ಮಿಡಿ ತಿಂದದ್ದು ತನ್ನ ತಲೆಗೇ ಬಂದೀತೆಂಬ ಹೆದರಿಕೆಯೋ, ಮಾಬ್ಲನಿಗೆ ಕೊನೆವರೆಗೂ ತಿಳಿಯಲಿಲ್ಲ. ಮನೆಗೆ ಬಂದು ಗಂಜಿಗೆ ಕೂತ. "ಗಂಗಿ, ನಂಗೂ ಒಂದು ಮಿಡಿ ಹಾಕು" ಎಂದ.

ಆಮೇಲೆ ಅವನು ಬಹಳ ವರ್ಷ ಆ ಮನೆಯಲ್ಲೇ ಬಾಳಿದ. ಯಾರೇ ಬರಲಿ, ಜಗಲಿಯ ನಟ್ಟನಡುವೆ ಚಾಪೆ ಹಾಸಿ, ಬೆಲ್ಲ ನೀರು ಕೊಡುವ ಮೊದಲೇ ಹೇಳುತ್ತಿದ್ದ:

"ಕೂತ್ಕಳಿ, ಕೂತ್ಕಳಿ. ಗೋಡೆಗೆ ಮಾತ್ರ ಒರಗೂದು ಬೇಡ."