ಮಡಂತ್ಯಾರಿನ ಹಾಡು

ಸಿಟ್ಟು ಬಂದರೆ ಅವರ ಎಡಕಿವಿ ಮಾತ್ರ ಕೆಂಪಗಾಗುತ್ತಿತ್ತು. ಡ್ರೈವರ್ ಸೀಟಿನ ಹಿಂದೆಯೇ ಕೂರುತ್ತಿದ್ದ ನನಗೆ ಅದು ಚೆನ್ನಾಗಿ ಕಾಣುತ್ತಿತ್ತು. ಬ್ರೇಕ್ ತಪ್ಪಿದರೆ ಮೊದಲು ನನಗೆ ಗೊತ್ತಾಗಲಿ ಎಂದು ಅಲ್ಲಿ ಕೂರುತ್ತಿದ್ದೆ. ಗೊತ್ತಾಗಿ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ.

ತೊಂಬತ್ತರ ದಶಕದಲ್ಲಿ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬೆಳಗ್ಗಿನ ಖಾಸಗಿ ಬಸ್ಸು ಓಡಿಸುತ್ತಿದ್ದವರು ಅವರು. ನಮಗೆಲ್ಲ ಅವರು ಡ್ರೈವರಣ್ಣ. ವರ್ಷಗಟ್ಟಲೆ ಒಂದೇ ಕ್ಯಾಸೆಟ್. ಬಸ್ಸು ತಡವಾದರೆ ಹಾಡನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕುತ್ತಿದ್ದರು. ಯಾರಾದರೂ ಹೊಸ ಕ್ಯಾಸೆಟ್ ಕೊಟ್ಟರೆ, "ಕೇಳ್ಲಿಕ್ಕೆ ಆಗದಿದ್ರೆ ಕಿವಿಗೆ ಹತ್ತಿ ಇಟ್ಕೊ. ಇಲ್ಲದಿದ್ರೆ ನಡ್ಕೊಂಡು ಬಾ" ಎನ್ನುತ್ತಿದ್ದರು. ಹಟಮಾರಿ ಎಂದುಕೊಂಡಿದ್ದೆವು.

ಎರಡು ಸಾವಿರದ ಇಸವಿ ಕಳೆದ ಮೇಲೆ ಬಸ್ಸಿನ ಧಣಿಗಳು ಮೂಡುಬಿದಿರೆಯಿಂದ ಪೆನ್‌ಡ್ರೈವ್ ಹಾಕುವ ಪ್ಲೇಯರ್ ತಂದು ಕೂರಿಸಿದರು. ಆಗ ಬೆಳ್ತಂಗಡಿಯಲ್ಲಿ ನನ್ನದು ಕಂಪ್ಯೂಟರ್ ಅಂಗಡಿ; ಕೆಲಸ ಹೆಚ್ಚಿದ್ದ ಆ ವಾರ ಇನ್ನೂ ಮುಂಚಿನ ಬಸ್ಸಿನಲ್ಲಿ ಬರುತ್ತಿದ್ದೆ. ಕ್ಯಾಸೆಟ್ಟಿನ ಹಾಡುಗಳಿಗೆ ನಂಬರು ಹಾಕಿ ತುಂಬಿಸಿ ಕೊಟ್ಟೆ. ಮರುದಿನ ಅವರು ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ ಅಂಗಡಿಗೆ ನುಗ್ಗಿದರು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

"ಒಂದಾದ ಮೇಲೆ ಹತ್ತು ಬರುವುದು ಯಾವ ಶಾಲೆಯ ಲೆಕ್ಕ, ಮಾರಾಯ?"

ಯಂತ್ರ ಮೊದಲ ಅಂಕಿ ನೋಡಿಯೇ ಸಾಲು ಹಾಕುತ್ತದೆ ಎಂದುಕೊಂಡು, ಒಂದರಿಂದ ಒಂಬತ್ತರವರೆಗಿನ ನಂಬರುಗಳ ಎಡಕ್ಕೆ ಸೊನ್ನೆ ಸೇರಿಸಿದೆ. ಕಂಪ್ಯೂಟರಿನಲ್ಲಿ ಸಾಲು ಸರಿಯಾಯಿತು. ನಂಬಿಕೆಯಾಗದೆ ಊಟ ಬಿಟ್ಟು ಮತ್ತೆ ಮತ್ತೆ ಕೇಳಿದೆ. ಮರುದಿನ ಪುನಃ ಬಂದರು.

"ಕಂಪ್ಯೂಟರಿನಲ್ಲಿ ಸರಿ ಉಂಟಲ್ಲ ಅಣ್ಣ!"

"ಹಾಗಾದ್ರೆ ಅದಕ್ಕೇ ನಾಲ್ಕು ಚಕ್ರ ಕಟ್ಟಿ ನೀನೇ ಓಡ್ಸು!"

ನನಗೂ ಸಿಟ್ಟು ಬಂತು. "ಯಾವ ಹಾಡು ಮೊದಲು ಬಂದ್ರೆ ನಿಮಗೆ ಎಂತ ನಷ್ಟ?"

ಅವರು ಮೇಜಿಗೆ ಗುದ್ದಿದರು. "ನನಗೆ ಎಂತ ಇಲ್ಲ. ಬೆತ್ತದ ಕಾಕ ಇದ್ದಾರಲ್ಲ..."

ಕುರ್ಚಿಗೆ ಬೆತ್ತ ಹೆಣೆಯುವ, ಕಣ್ಣು ಕಾಣದ ಬ್ಯಾರಿ ಮುಸ್ಲಿಂ ಹಿರಿಯರು ಅವರು. ದಿನಾ ಮಡಂತ್ಯಾರಿನಲ್ಲಿ ಇಳಿಯುವವರು. ಕಂಡಕ್ಟರ್ ಕೂಗುವ ಮೊದಲೇ ಎದ್ದು ಬಾಗಿಲಿಗೆ ಬರುತ್ತಿದ್ದರು. ಅದು ಹೇಗೆಂದು ನಾನು ಯೋಚಿಸಿರಲೇ ಇಲ್ಲ.

"ಆ ಒಂದು ಹಾಡು ಶುರುವಾದ್ರೆ ಅವರು ಏಳ್ತಾರೆ. ಇವತ್ತು ಅದು ಮಡಂತ್ಯಾರಿಗೆ ಮೊದಲೇ, ಪುಂಜಾಲಕಟ್ಟೆಯಲ್ಲಿ ಬಂತು. ಎದ್ದು ಬಾಗಿಲಿಗೆ ಹೋದ್ರು. ಕಂಡಕ್ಟರ್ ಕೈ ಹಿಡಿದು ಎಳೆದು ಕೂರಿಸಿದ. ಬಸ್ಸಿನವರೆಲ್ಲ ನೋಡಿದ್ರು. 'ಇದು ಯಾವ ಊರು ಮಕ್ಕಳೇ?' ಅಂತ ಕೇಳಿದ್ರು. ಇಷ್ಟು ವರ್ಷ ಯಾರಲ್ಲಿಯೂ ಕೇಳದ ಜನ! ಕೇಳಿಸಿದ್ದು ನೀನು."

"ಹಾಡಿನ ವಿಷಯ ಅವರಿಗೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಅದು ಉಪಕಾರ ಆಗ್ತದೆ. ನಿನ್ನ ತಲೆ!"

ಆ ಪ್ಲೇಯರ್ ಹೆಸರನ್ನೂ ನಂಬರನ್ನೂ ನೋಡುವುದಿಲ್ಲ, ಪೆನ್‌ಡ್ರೈವಿಗೆ ಯಾವ ಹಾಡು ಮೊದಲು ಹೋಯಿತೋ ಅದನ್ನೇ ಮೊದಲು ಹಾಡುತ್ತದೆ ಎಂದು ನನಗೆ ಹೊಳೆಯುವಾಗ ಸಂಜೆಯಾಗಿತ್ತು. ಎಲ್ಲ ಅಳಿಸಿ ಒಂದೊಂದೇ ಹಾಡನ್ನು ಕ್ರಮವಾಗಿ ಹಾಕಿದೆ. ಮರುದಿನ ಅವರ ಬಸ್ಸನ್ನೇ ಹತ್ತಿದೆ. ಮಡಂತ್ಯಾರು ಹತ್ತಿರವಾಗುವಾಗ ಆ ಹಾಡು ಶುರುವಾಯಿತು. ಕಾಕ ಎದ್ದರು, ಯಾರ ಕೈಯನ್ನೂ ಹಿಡಿಯದೆ ಇಳಿದರು. ಡ್ರೈವರಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ, "ಬಾಯಿ ಮುಚ್ಚು, ನೊಣ ಹೋಗ್ತದೆ" ಎಂದರು. ಸಿಕ್ಕಿದ ಬಹುಮಾನ ಅಷ್ಟೇ.

ಕೆಲವು ವರ್ಷಗಳ ಬಳಿಕ ಡ್ರೈವರಣ್ಣ ಎದೆನೋವಿನಿಂದ ತೀರಿಕೊಂಡರು. ಹೊಸ ಡ್ರೈವರ್ ಮೊದಲ ದಿನವೇ ಪೆನ್‌ಡ್ರೈವ್ ಕಿತ್ತು, "ಈ ಅಜ್ಜನ ಕಾಲದ ಹಾಡು ಯಾರಿಗೆ ಬೇಕು?" ಎಂದ. ನೆರೆಮನೆಯ ನಾಯಿಗೂ ಜೋರು ಮಾಡದ ನಾನು ಎದ್ದು ನಿಂತು ಇಡೀ ಬಸ್ಸಿಗೆ ಕೇಳುವಂತೆ ಬೊಬ್ಬೆ ಹೊಡೆದೆ. "ಹಾಕು ಅದನ್ನು! ಮೊದಲಿನಿಂದ ಹಾಕು!"

"ಎಂತಕ್ಕೆ? ಕಾರಣ ಹೇಳಿ" ಎಂದ.

ಕಾಕ ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದರು.

"ಕಾರಣ ಎಂತದು? ನನಗೆ ಅದೇ ಬೇಕು!"