ಆಲ್ದೋ, ಬಟ್ ಮತ್ತು ನಮ್ಮ ಮನೆಯ ‘ಆದ್ರೆ’

ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ರಾಜಾಜಿನಗರದ ಕಾರ್ಖಾನೆ ಬಾಗಿಲು ಹಾಕಿದ ವರ್ಷ ನಾನು ಇಂಗ್ಲಿಷ್ ಕಲಿಯಲು ಹೊರಟೆ. ಆಗ ನನಗೆ ನಲವತ್ತು ತುಂಬಿತ್ತು. ಮಗಳು ಹೈಸ್ಕೂಲಿನಲ್ಲಿದ್ದಳು. ಇವರು ಮಾತ್ರ ಏನೂ ಆಗಿಲ್ಲವೆಂಬಂತೆ ಶಿಫ್ಟಿನ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೇಪರ್ ಹಿಡಿದು ವರಾಂಡದಲ್ಲಿ ಕೂತುಬಿಡುತ್ತಿದ್ದರು. ಹೊರಡುವುದಕ್ಕೆ ಎಲ್ಲ ಸಿದ್ಧ, ಹೋಗುವುದಕ್ಕೆ ಜಾಗವಿಲ್ಲ. ಅವರನ್ನು ಹಾಗೆ ನೋಡಿ ನನಗೆ ಸಂಕಟವಾಗುತ್ತಿತ್ತು. ಮನೆಯಿಂದ ಯಾರಾದರೂ ಒಬ್ಬರು ದುಡಿಯಲು ಹೊರಡಲೇಬೇಕಿತ್ತು. ಆ ಒಬ್ಬರು ನಾನೇ ಎಂದು ತೀರ್ಮಾನ ಮಾಡಿದೆ.

ಬಸವೇಶ್ವರನಗರದಲ್ಲಿ ಹೊಸದಾಗಿ ಒಂದು ಆಸ್ಪತ್ರೆ ಏಳುತ್ತಿತ್ತು. ರಿಸೆಪ್ಷನ್ನಿಗೆ ಹೆಂಗಸರು ಬೇಕು, ಸ್ವಲ್ಪ ಇಂಗ್ಲಿಷ್ ಬರಬೇಕು ಎಂದು ಪಕ್ಕದ ಮನೆಯವರು ಹೇಳಿದರು. ನನ್ನದು ಕನ್ನಡ ಮೀಡಿಯಂನ ಪಿಯುಸಿ. ಇವರ ಹತ್ತಿರ ವಿಷಯ ಎತ್ತಿದೆ.

“ಒಳ್ಳೇ ಯೋಚನೆ ಕಣೇ,” ಅಂದರು ಇವರು. “ಆದ್ರೆ ಈ ವಯಸ್ಸಲ್ಲಿ ಇಂಗ್ಲಿಷ್ ತಲೆಗೆ ಹತ್ತುತ್ತಾ?”

“ಹತ್ತುತ್ತೆ.”

“ಹತ್ತುತ್ತೆ ಅಂತಾನೇ ಇಟ್ಕೋ. ಆದ್ರೆ ಸಾಯಂಕಾಲದ ಅಡುಗೆ?”

ನಮ್ಮ ಮನೆಯಲ್ಲಿ ಯಾರೂ ‘ಬೇಡ’ ಅನ್ನುವವರಲ್ಲ. ಎಲ್ಲರೂ ಮರ್ಯಾದಸ್ಥರು. ಮೊದಲು ಎರಡು ಹೊಗಳಿಕೆಯ ಮಾತು, ಅದರ ಬೆನ್ನಿಗೆ ಒಂದು ‘ಆದ್ರೆ’, ಅಲ್ಲಿಗೆ ವಿಷಯ ಮುಗಿಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮಾವನವರು “ಓದೋದು ಒಳ್ಳೇದಮ್ಮ, ಆದ್ರೆ” ಎಂದು ನಗುನಗುತ್ತಲೇ ನನ್ನ ಬಿ.ಎ.ಗೆ ಎಳ್ಳುನೀರು ಬಿಟ್ಟಿದ್ದರು. ಈ ಸಲ ನಾನು ಉತ್ತರ ಕೊಡುತ್ತಾ ಕೂರಲಿಲ್ಲ. ಮಾರನೆಯ ದಿನವೇ ಮಾರೇನಹಳ್ಳಿಗೆ ಹೋಗಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಕೊಂಡೆ.

ಕ್ಲಾಸು ಒಂದು ಬೇಕರಿಯ ಮಹಡಿಯ ಮೇಲಿತ್ತು. ಕೆಳಗೆ ಬನ್ನು ಬೇಯುವ ಹೊತ್ತಿಗೆ ಸರಿಯಾಗಿ ನಮಗೆ ಪಾಠ, ಆದ್ದರಿಂದ ನಾನು ಕಲಿತ ಇಂಗ್ಲಿಷಿಗೆಲ್ಲ ಇವತ್ತಿಗೂ ಬೆಣ್ಣೆ ಬಿಸ್ಕತ್ತಿನ ವಾಸನೆ. ಹೇಳಿಕೊಡುತ್ತಿದ್ದವರು ನಿವೃತ್ತರಾದ ಒಬ್ಬ ಶಾಲಾ ಮೇಷ್ಟ್ರು. ಕಲಿಯಲು ಬರುತ್ತಿದ್ದವರೆಲ್ಲ ನನ್ನ ಅರ್ಧ ವಯಸ್ಸಿನವರು, ಬಾಯಿ ತುಂಬ ‘ಆಂಟಿ’ ಎಂದು ಕರೆಯುವವರು. ಬಾಗಲಕೋಟೆ ಕಡೆಯ ಒಬ್ಬ ಹುಡುಗಿ ಮಾತ್ರ ‘ಅಕ್ಕಾರ’ ಅನ್ನುತ್ತಿದ್ದಳು. ಹಗಲು ವಿಜಯನಗರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡಿ, ಸಂಜೆ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು.

‘ಬಟ್’ ಪಾಠದ ದಿನ ಮೇಷ್ಟ್ರು ಬೋರ್ಡಿನ ಮೇಲೆ ಎರಡು ವಾಕ್ಯ ಬರೆದರು. ಅವಳಿಗೆ ವಯಸ್ಸಾಗಿದೆ, ಬಟ್ ಚೆನ್ನಾಗಿ ಕೆಲಸ ಮಾಡುತ್ತಾಳೆ. ಚೆನ್ನಾಗಿ ಕೆಲಸ ಮಾಡುತ್ತಾಳೆ, ಬಟ್ ಅವಳಿಗೆ ವಯಸ್ಸಾಗಿದೆ.

“ಇವರಿಬ್ಬರಲ್ಲಿ ಯಾರಿಗೆ ಕೆಲಸ ಕೊಡ್ತೀರಿ?” ಎಂದು ಕೇಳಿದರು. ಎಲ್ಲರೂ ಮೊದಲನೆಯವಳಿಗೆ ಅಂದರು.

“ಎರಡು ಕಡೇನೂ ಇರೋದು ಅದೇ ಹೆಂಗಸು ಕಣ್ರಪ್ಪಾ. ಬಟ್ ಆದ್ಮೇಲೆ ಏನು ಬರುತ್ತೋ ಅದೇ ಕೇಳೋರ ಕಿವೀಲಿ ಉಳಿಯೋದು.”

ಹುಡುಗಿಯರು ಓರೆಗಣ್ಣಿನಲ್ಲಿ ನನ್ನ ಕಡೆ ನೋಡಿದರು. ನಾನು ಬೋರ್ಡಿನಿಂದ ಕಣ್ಣು ಕೀಳಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ನನಗೆ ಸಿಕ್ಕ ಹೊಗಳಿಕೆ ಏನು ಕಡಿಮೆಯೇ? ಅಡುಗೆ ಚೆನ್ನಾಗಿದೆ ಆದ್ರೆ, ಬುದ್ಧಿವಂತೆ ಆದ್ರೆ, ಅಕ್ಷರ ಮುದ್ದಾಗಿದೆ ಆದ್ರೆ. ಒಂದೂ ಕೈಗೆ ಹತ್ತಿರಲಿಲ್ಲ. ಅವತ್ತು ಬಸ್ಸಿಗೂ ಕಾಯದೆ ಸಿಟ್ಟಿನಲ್ಲೇ ಮನೆಯವರೆಗೆ ನಡೆದುಬಿಟ್ಟೆ.

ಆಮೇಲೆ ‘ಆಲ್ದೋ’ ಬಂತು. ಕೊರತೆಯನ್ನು ಮೊದಲೇ ಒಪ್ಪಿಕೊಂಡು ಪಕ್ಕಕ್ಕಿಡುವುದಕ್ಕೆ ಅದು. ಆಲ್ದೋ ಬಂದರೆ ಬಟ್ ಬರಬಾರದು ಎಂದು ಮೇಷ್ಟ್ರು ಎಷ್ಟು ಹೇಳಿದರೂ ನಮ್ಮೆಲ್ಲರ ಬಾಯಲ್ಲಿ ಎರಡೂ ಬರುತ್ತಿದ್ದವು. “ಒಂದು ಸಾಕಮ್ಮಾ, ಒಂದು ಸಾಕು,” ಎಂದು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದರು. ಕೊನೆಗೆ ಬೇಸತ್ತು, ಇಂಟರ್‌ವ್ಯೂಗೆ ಮಾದರಿಯೆಂದು ಒಂದು ವಾಕ್ಯ ಬರೆಸಿದರು: ಆಲ್ದೋ ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ, ಐ ಲರ್ನ್ ಫಾಸ್ಟ್.

ನಾನದನ್ನು ರೊಟ್ಟಿ ತಟ್ಟುತ್ತಾ ಹೇಳಿದೆ, ಬಟ್ಟೆ ಒಗೆಯುತ್ತಾ ಹೇಳಿದೆ. ಪೇಪರಿನ ಹಿಂದಿನಿಂದ ಇವರು, “ಚೆನ್ನಾಗ್ ಹೇಳ್ತೀಯ. ಆದ್ರೆ ಇದೊಂದೇ ವಾಕ್ಯಕ್ಕೆ ಯಾರು ಕೆಲಸ ಕೊಡ್ತಾರೆ?” ಅಂದರು. ನಾನು ತಿರುಗಿ, “ಇದು ಒಂದೇ ವಾಕ್ಯ ರೀ. ಆದ್ರೆ ಕೆಲಸ ತಗೊಂಡೇ ತಗೋತೀನಿ,” ಅಂದೆ. ಪೇಪರ್ ಸ್ವಲ್ಪ ಕೆಳಗಿಳಿಯಿತು, ಮತ್ತೆ ಮೇಲೇರಿತು.

ಇಂಟರ್‌ವ್ಯೂ ದಿನ ನಮ್ಮ ಕ್ಲಾಸಿನವರೇ ಏಳೆಂಟು ಜನ ಆ ಆಸ್ಪತ್ರೆಯ ಬೆಂಚಿನ ಮೇಲಿದ್ದೆವು. ಒಬ್ಬೊಬ್ಬರೇ ಒಳಗೆ ಹೋಗಿ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಿದ್ದರು. ಬಾಗಲಕೋಟೆಯ ಹುಡುಗಿ ಬಂದವಳು ಬಾಯಿಗೆ ಕೈ ಅಡ್ಡ ಹಿಡಿದು, “ಅಕ್ಕಾರ, ನೀವರ ಬ್ಯಾರೆ...” ಎಂದು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ನನ್ನನ್ನು ಕರೆದರು.

ಒಳಗೆ ಒಬ್ಬ ಮ್ಯಾಡಂ ಕೂತಿದ್ದರು. ನಿಮ್ಮ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು “ಆಲ್ದೋ ಐ ಸ್ಟಡೀಡ್...” ಎಂದು ಶುರು ಮಾಡಿದೆ.

“ಇನ್ ಕನ್ನಡ ಮೀಡಿಯಂ, ಐ ಲರ್ನ್ ಫಾಸ್ಟ್,” ಎಂದು ಮ್ಯಾಡಂ ತಾವೇ ಮುಗಿಸಿದರು. “ಬೆಳಿಗ್ಗೆಯಿಂದ ಎಲ್ರೂ ಇದನ್ನೇ ಹೇಳ್ತಾ ಇದೀರಲ್ರೀ. ನಿಮ್ಮದೇ ಅಂತ ಏನೂ ಇಲ್ವಾ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈಹಾರ್ಟ್ ಮಾಡಿಯೇ ಪಾಸಾಗುತ್ತಾ ಬಂದವರು ನಾವು. ಒಳ್ಳೆಯ ವಾಕ್ಯವೊಂದು ಸಿಕ್ಕರೆ ಬಿಟ್ಟೇವೇ? ಇದನ್ನೇ ಪಕ್ಕದವಳೂ ಹೇಳಿಯಾಳು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಎದ್ದು ಹೋಗಿಬಿಡೋಣವೆಂದರೆ, ವರಾಂಡದ ಕುರ್ಚಿ, ಪೇಪರ್, ಆ ಇಸ್ತ್ರಿಯ ಅಂಗಿ ಕಣ್ಣ ಮುಂದೆ ಬಂದವು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತೆ.

ಮ್ಯಾಡಂ ನನ್ನ ಅರ್ಜಿ ಪಕ್ಕಕ್ಕೆ ಸರಿಸುತ್ತಲೇ ಇಂಗ್ಲಿಷಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು. ಕೆಲವು ದಿನ ರಾತ್ರಿ ಎಂಟರವರೆಗೂ ಡ್ಯೂಟಿ ಇರುತ್ತೆ, ಮನೆಯಲ್ಲಿ ಒಪ್ಪುತ್ತಾರಾ? ಇದಕ್ಕೆ ಮೇಷ್ಟ್ರು ಏನೂ ಬರೆಸಿರಲಿಲ್ಲ. ಸುಳ್ಳು ಹೇಳುವಷ್ಟು ಇಂಗ್ಲಿಷ್ ನನಗಿನ್ನೂ ಬರುತ್ತಿರಲಿಲ್ಲ.

“ಆಲ್ದೋ ಮೈ ಹಸ್ಬೆಂಡ್ ಡಸ್ ನಾಟ್ ಲೈಕ್,” ಅಂದೆ. ಉಸಿರು ತೆಗೆದುಕೊಂಡೆ. “ಬಟ್ ಐ ವಿಲ್ ಕಮ್.”

ಎರಡೂ ಬಂದುಬಿಟ್ಟಿದ್ದವು. ತಪ್ಪೆಂದು ಆಗಲೇ ಗೊತ್ತಾಯಿತು, ಮೇಷ್ಟ್ರ ಡಸ್ಟರಿನ ಸದ್ದೂ ಕೇಳಿಸಿದಂತಾಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಅಷ್ಟು ವರ್ಷದ ಸಿಟ್ಟಿಗೆ ಒಂದು ಪದ ಎಲ್ಲಿ ಸಾಕಾಗುತ್ತಿತ್ತು? ಮುಂದಿನ ಅರ್ಜಿ ತೆಗೆಯುತ್ತಿದ್ದ ಮ್ಯಾಡಂ ತಲೆ ಎತ್ತಿದರು.

“ಇದನ್ನ ಯಾರು ಹೇಳ್ಕೊಟ್ರು?”

“ಯಾರೂ ಇಲ್ಲ ಮ್ಯಾಡಂ. ಇದು ನಂದೇ.”

ಸರಿಸಿದ್ದ ಅರ್ಜಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಸೋಮವಾರದಿಂದ ಬನ್ನಿ ಅಂದರು. ಹೊರಗೆ ಬಂದು ಬಾಗಲಕೋಟೆಯ ಹುಡುಗಿಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಕೆಲವು ತಿಂಗಳ ನಂತರ ಅವಳೂ ಅಲ್ಲಿಯ ಔಷಧಿ ಕೌಂಟರಿಗೆ ಬಂದಳು.

ಇವರು ಸುದ್ದಿ ಕೇಳಿ, “ಸಂತೋಷ. ಆದ್ರೆ...” ಎಂದು ಬಾಯಿ ತೆರೆದವರು ನನ್ನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದರು. ಮೊದಲ ವಾರವೆಲ್ಲ ನಾನು ಸೀರೆಗೆ ಪಿನ್ನು ಹಾಕಿಕೊಂಡು ಹೊರಡುವಾಗ ವರಾಂಡದಲ್ಲಿ ಪೇಪರ್ ಅಲ್ಲಾಡುತ್ತಿರಲಿಲ್ಲ.

ಮೊದಲ ಸಲ ಎಂಟರವರೆಗೆ ಡ್ಯೂಟಿ ಬಿದ್ದ ದಿನ, ಇನ್ನು ಒಲೆ ಹಚ್ಚಬೇಕಲ್ಲ ಎಂದುಕೊಳ್ಳುತ್ತಾ ಮನೆಯ ಗೇಟು ತೆಗೆದೆ. ವರಾಂಡದ ಕುರ್ಚಿ ಖಾಲಿ ಇತ್ತು. ಒಳಗಿನಿಂದ ಸೀದ ವಾಸನೆ ಬರುತ್ತಿತ್ತು. ಇವರು ಇಸ್ತ್ರಿಯ ಅಂಗಿಯ ತೋಳು ಮಡಚಿಕೊಂಡು ಒಲೆಯ ಮುಂದೆ ನಿಂತಿದ್ದರು. ಅಂಗಿಯ ಮೇಲೆಲ್ಲ ಅರಿಶಿನದ ಕಲೆ. ಮಗಳು ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದಳು.

“ಸಾರು ಕೆಟ್ಟೋಯ್ತು ಕಣೇ,” ಅಂದರು ನನ್ನ ಕಡೆ ತಿರುಗದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದು ತೋರಿಸುತ್ತಾ, “ಆದ್ರೆ ಅನ್ನ ಚೆನ್ನಾಗಾಗಿದೆ,” ಅಂದರು.

ಆ ಮನೆಯಲ್ಲಿ ‘ಆದ್ರೆ’ ಆದ ಮೇಲೆ ಒಂದು ಒಳ್ಳೆಯ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಾರಿನ ಪಾತ್ರೆಯೊಳಗೆ ಇಣುಕಿ ನೋಡಿದೆ.

“ನಾಳೆ ಸಾರು ಹೇಳ್ಕೊಡ್ತೀನಿ, ಕಲೀರಿ,” ಅಂದೆ.

“ಈ ವಯಸ್ಸಲ್ಲಾ?”

“ಹೂಂ, ಈ ವಯಸ್ಸಲ್ಲೇ.”

ಕೈಕಾಲು ತೊಳೆದು ಬಂದು, ಆ ಅನ್ನಕ್ಕೆ ಮೊಸರು ಹಾಕಿಕೊಂಡು ಮೂವರೂ ಊಟ ಮಾಡಿದೆವು.